ಮಿಲಿಟರಿ ಕರಡಿಯ ಕೂದಲು

ನನ್ನ ಮೈದುನ ಸೈನ್ಯದಲ್ಲಿದ್ದಾನೆ. ಫೋನಿನ ಸಿಗ್ನಲ್ಲಿಗೂ ನೆಗಡಿ ಹಿಡಿಯುವಷ್ಟು ಎತ್ತರದ, ಹಿಮದ ಜಾಗದಲ್ಲಿ ಅವನ ಡ್ಯೂಟಿ. ಅವನು ಹೇಳಿದ್ದರಲ್ಲಿ ಅರ್ಧ ಮಾತ್ರ ನಮಗೆ ಕೇಳಿಸುತ್ತದೆ, ಉಳಿದರ್ಧವನ್ನು ಮನೆಯವರೆಲ್ಲ ತಮತಮಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾರೆ. ಆ ಸಲವೂ ಹಾಗೇ ಆಯಿತು.

"ಅತ್ತಿಗೆ, ನಮ್ ಯೂನಿಟ್ಟಿಂದ ನಾಯಕ್ ಭಾಲು ಬರ್ತಾರೆ. ಎರಡು ವಾರ ನಮ್ಮನೇಲೇ ಇರ್ತಾರೆ. ಚೆನ್ನಾಗಿ ನೋಡ್ಕೊಳ್ಳಿ. ಏನೂ ಆಗ್ದಂಗೆ ವಾಪಸ್ ಕಳಿಸ್ಬೇಕು" ಎಂದ. ಆಮೇಲೆ ಗೊರಗೊರ ಸದ್ದು ಬಂತು. ಆಮೇಲೆ ಅದೂ ನಿಂತಿತು.

ಬಾಲು ಎನ್ನುವವರು ದೊಡ್ಡಬಳ್ಳಾಪುರದ ಕಡೆಯ ನಮ್ಮ ಮಧುರೆ ಸುತ್ತಮುತ್ತ ಬೀದಿಗೊಬ್ಬರಿದ್ದಾರೆ. ಹಾಲಿನ ಡೇರಿಯಲ್ಲಿ ಒಬ್ಬ, ಪಂಕ್ಚರ್ ಅಂಗಡಿಯಲ್ಲಿ ಒಬ್ಬ. ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ. ನಮ್ಮ ಅತ್ತೆಯಂತೂ ಆ ಕ್ಷಣದಲ್ಲೇ ಬಾಲುವಿಗೆ ಊರು, ಜಾತಿ, ಮದುವೆ ಎಲ್ಲವನ್ನೂ ಗೊತ್ತು ಮಾಡಿಬಿಟ್ಟರು. "ನಮ್ ಕಡೇವ್ನೇ ಇರ್ಬೇಕು ಕಣಮ್ಮ. ಇಲ್ಲಾಂದ್ರೆ ನಮ್ಮನೇಗ್ಯಾಕೆ ಬರ್ತಾನೆ? ಮುದ್ದೆ ತಿಂತಾನೆ ಬಿಡು" ಎಂದರು.

ನಾನು ದಿನಾ ಬಸ್ಸು ಹಿಡಿದು ನೆಲಮಂಗಲದ ಹತ್ತಿರದ ಗೋದಾಮೊಂದಕ್ಕೆ ಕೆಲಸಕ್ಕೆ ಹೋಗುತ್ತೇನೆ. ಜನ ಆನ್‌ಲೈನಿನಲ್ಲಿ ತರಿಸಿಕೊಂಡು, ಬೇಡವೆಂದು ವಾಪಸ್ ಕಳಿಸಿದ ಮಾಲನ್ನು ಬಿಚ್ಚಿ ನೋಡುವ ವಿಭಾಗ ನನ್ನದು. ಮದುವೆಗೆ ಉಟ್ಟು, ಪಂಕ್ತಿಯಲ್ಲಿ ಸಾರು ಬಡಿಸಿ, ಆ ಕಲೆಯ ಸಮೇತ 'ಬಣ್ಣ ಹಿಡಿಸಲಿಲ್ಲ' ಎಂದು ಹಿಂದಿರುಗಿಸಿದ ಸೀರೆಗಳು ನನ್ನ ಕೈಯಲ್ಲಿ ದಿನಾ ಹಾದುಹೋಗುತ್ತವೆ. ಈ ಕೆಲಸ ಮಾಡುವವರಿಗೆ ಮನುಷ್ಯಜಾತಿಯ ಮೇಲೆ ದೊಡ್ಡ ಭರವಸೆ ಉಳಿಯುವುದಿಲ್ಲ. ನನ್ನ ನಾಲಿಗೆಗೆ ಮೂಳೆಯಿಲ್ಲ ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಾರೆ. ಇರಲಿ, ನಾಲಿಗೆಗೆ ಮೂಳೆ ಯಾರಿಗೂ ಇರುವುದಿಲ್ಲ.

ಬಾಲು ಬರುವ ಸುದ್ದಿಗೆ ನನಗಿಂತ, ಅತ್ತೆಗಿಂತ ಹೆಚ್ಚು ಅರಳಿದವಳು ನನ್ನ ವಾರಗಿತ್ತಿ, ಎಂದರೆ ಮೈದುನನ ಹೆಂಡತಿ. ಅವಳ ಮಗಳಿಗೆ ವರ್ಷ ತುಂಬಿತ್ತು, ನಡೆಯಲು ಕಲಿತಿದ್ದಳು. ಅಪ್ಪ ಅವಳನ್ನು ನೋಡಿದ್ದು ಹೆಸರಿಡುವ ದಿನ ಒಮ್ಮೆ ಮಾತ್ರ. ಆಮೇಲೆ ಎರಡು ಸಲ ರಜ ಮಂಜೂರಾಯಿತು, ಎರಡು ಸಲವೂ ರದ್ದಾಯಿತು. ಮಗುವಿನ ಮೊದಲ ಮುಡಿಯನ್ನು ಘಾಟಿ ಸುಬ್ರಹ್ಮಣ್ಯನಿಗೆ ಕೊಡುತ್ತೇವೆಂದು ಹರಕೆಯಿತ್ತು. ಕೂರಿಸಿಕೊಳ್ಳಲು ಸೋದರಮಾವನ ತೊಡೆ ಸಿದ್ಧವಾಗಿತ್ತು, ಆದರೆ ಇವಳು ಒಪ್ಪಲಿಲ್ಲ. "ಅವರು ಬಂದ್ಮೇಲೇ ಅಕ್ಕ. ಇದೊಂದನ್ನಾದ್ರೂ ಅವರು ಕಣ್ಣಾರೆ ನೋಡ್ಲಿ" ಎಂದು ಪಟ್ಟು ಹಿಡಿದಳು. ಮಗುವಿನ ಕೂದಲು ಹುಬ್ಬು ದಾಟಿ ಕಣ್ಣಿಗಿಳಿದಿತ್ತು. ಬಂದ ನೆಂಟರೆಲ್ಲ 'ಇನ್ನೂ ಮುಡಿ ತೆಗೆಸಿಲ್ವಾ' ಎಂದು ಕೇಳಿ, ಕಾಫಿ ಕುಡಿದು, ಹೋಗುವಾಗ ಮತ್ತೊಮ್ಮೆ ಕೇಳುತ್ತಿದ್ದರು. ಬಾಲು ಬಂದರೆ ಗಂಡನ ರಜದ ನಿಜವಾದ ಸುದ್ದಿ ಗೊತ್ತಾಗುತ್ತದೆ ಎಂಬುದು ಅವಳ ಆಸೆ.

ಮನೆಯಲ್ಲಿ ಸಡಗರ ಶುರುವಾಯಿತು. ನನ್ನ ಗಂಡ ಬಚ್ಚಲಿಗೆ ಸುಣ್ಣ ಹೊಡೆದರು. ಮದುವೆಯಾದಾಗಿನಿಂದ ನಾನು ಕೇಳುತ್ತಿದ್ದ ಬಚ್ಚಲ ಬಾಗಿಲಿನ ಚಿಲಕ, ಎಂದೂ ಕಂಡಿರದ ಬಾಲುವಿಗಾಗಿ ಒಂದೇ ಬೆಳಿಗ್ಗೆ ಬಂದು ಕೂತಿತು. ಹೊಸ ಟವೆಲ್ಲು, ಹೊಸ ಸೋಪು ಬಂದವು. ಬರುವುದು ಸೋಮವಾರವಾದ್ದರಿಂದ ಅಂದು ಮನೆಯೊಳಗೆ ಕೋಳಿ ಬರುವಂತಿಲ್ಲ, ಅದನ್ನು ಮಂಗಳವಾರಕ್ಕೆಂದು ಹಿತ್ತಲಲ್ಲಿ ಕುಕ್ಕೆಯ ಕೆಳಗೆ ಮುಚ್ಚಿಟ್ಟದ್ದಾಯಿತು.

ಸೋಮವಾರ ಅತ್ತೆ ಈಶ್ವರನ ಪೂಜೆ ಮಾಡಿ ಮಂಗಳಾರತಿ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಬೈಕು ನಿಂತಿತು. ವಾರಗಿತ್ತಿ ಸೆರಗು ಸರಿಮಾಡಿಕೊಂಡು ಓಡಿದಳು. ಬಂದಿದ್ದವನು ಕೊರಿಯರಿನವನು. ನಾನು ರಟ್ಟಿನ ಪೆಟ್ಟಿಗೆಯನ್ನು ಅಭ್ಯಾಸಬಲದಿಂದ ಮೂಲೆ, ಅಂಟು, ಅಡಿ ಎಲ್ಲ ನೋಡಿ ಬಿಚ್ಚಿದೆ. ಒಳಗೆ ಕಾಲು ಮಡಿಸಿಕೊಂಡು ಕೂತಿತ್ತು ಒಂದು ಗೊಂಬೆ ಕರಡಿ. ಮೈಮೇಲೆ ಚುಕ್ಕೆಚುಕ್ಕೆಯ ಸೈನ್ಯದ ಅಂಗಿ, ತಲೆಗೆ ಓರೆ ಟೋಪಿ, ತೋಳಲ್ಲಿ ನಾಯಕ್ ಹುದ್ದೆಯ ಎರಡು ಪಟ್ಟಿ, ಎದೆಯ ಮೇಲೆ ಹಿಂದಿಯಲ್ಲಿ 'ಭಾಲು' ಎಂದು ಬರೆದ ಬಿಲ್ಲೆ. ಹಿಂದಿಯಲ್ಲಿ ಭಾಲು ಎಂದರೆ ಕರಡಿ ಎನ್ನುವುದು ಆಗ ನನ್ನ ತಲೆಗೆ ಹೊಳೆಯಿತು.

ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರು. "ಎಲ್ಲಮ್ಮ ಬಾಲು?"

"ಇದೇ ಅತ್ತೆ ಬಾಲು."

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂಬ ಗಾದೆಯನ್ನು ಕನ್ನಡದವರೆಲ್ಲ ಬಾಯಲ್ಲಿ ಆಡುತ್ತಾರೆ. ಕಣ್ಣಾರೆ ಕಂಡವರು ನಮ್ಮ ಮನೆಯವರೇ ಇರಬೇಕು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ. ಕರಡಿಯನ್ನು ಮೇಲಿಂದ ಕೆಳಗೆ ನೋಡಿ, "ಕರಡಿಗೆ ರಜ ಕೊಟ್ಟವ್ರೆ, ನನ್ ಮಗಂಗೆ ಇಲ್ವಾ?" ಎಂದರು. ವಾರಗಿತ್ತಿ ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಸಂಜೆ ಮೈದುನ ವಿಡಿಯೊ ಕರೆಯಲ್ಲಿ ಸಿಕ್ಕಾಗ ವಿಷಯ ತಿಳಿಯಿತು. ಅವರ ಯೂನಿಟ್ಟಿನ ಯಾರೋ ದೊಡ್ಡ ಅಧಿಕಾರಿಯ ಹೆಂಡತಿಗೆ ಹೊಳೆದ ಯೋಜನೆಯಂತೆ ಇದು. ಕರಡಿ ಅವರ ಪಡೆಯ ಶುಭದ ಗೊಂಬೆ, ಮ್ಯಾಸ್ಕಾಟ್. ಸೈನಿಕರ ಮನೆಮನೆಗೆ ಹೋಗಿ ಎರಡೆರಡು ವಾರ ಇರುತ್ತದೆ. ಮನೆಯವರು ಅದರ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಇದರಿಂದ ಸೈನಿಕನಿಗೂ ಮನೆಗೂ ಇರುವ ದೂರ ಕಡಿಮೆಯಾಗುತ್ತದಂತೆ. ಸೈನಿಕನನ್ನೇ ಕಳಿಸಿದರೆ ಇನ್ನೂ ಕಡಿಮೆಯಾಗುತ್ತದೆ ಎಂದು ಆ ಮಹಾತಾಯಿಗೆ ಯಾರೂ ಹೇಳಿರಲಿಲ್ಲ.

"ಅದ್ಕೆ ನಾಯಕ್ ಅಂತ ಪಟ್ಟಿ ಹಾಕವ್ರಲ್ಲೋ, ನಿಂಗೆ?" ಎಂದು ಕೇಳಿದೆ.

"ನಾನಿನ್ನೂ ಲ್ಯಾನ್ಸ್ ನಾಯಕ್ ಅತ್ತಿಗೆ. ಒಂದೇ ಪಟ್ಟಿ. ಅದು ನಂಗಿಂತ ಸೀನಿಯರ್ರು" ಎಂದು ಅವನೇ ನಕ್ಕ. ಆಮೇಲೆ ದನಿ ತಗ್ಗಿಸಿ ಹೇಳಿದ: "ಚೆನ್ನಾಗಿರೋ ಫೋಟೊ ಹಾಕಿದ್ ಮನೆಯವ್ರಿಗೆ ರಜದ ಸಾಲಲ್ಲಿ ಮೊದಲನೇ ನಂಬರ್ ಕೊಡ್ತಾರಂತೆ. ಆದ್ರೆ ಕರಡಿಗೆ ಒಂಚೂರು ಡ್ಯಾಮೇಜ್ ಆಯ್ತೋ, ಅಷ್ಟೇ ಕತೆ."

ಫೋನಿನ ಪಕ್ಕ ನಿಂತಿದ್ದ ವಾರಗಿತ್ತಿ ಇದನ್ನು ಕೇಳಿದಳು. ಹೋಗಿ ಕರಡಿಯ ಅಂಗಿಯ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು. ಅಂದಿನಿಂದ ಕರಡಿ ಮಲಗಿದ್ದು ಬಾಲುವಿಗೆಂದು ಹಾಸಿದ ಹಾಸಿಗೆಯಲ್ಲೇ. ಕೋಳಿಯನ್ನು ಮಾತ್ರ ಮಂಗಳವಾರ ನಾವೇ ತಿಂದೆವು.

ಮಾರನೆಯ ದಿನದಿಂದ ಕರಡಿಯ ಸವಾರಿ ಹೊರಟಿತು. ನನ್ನ ಗಂಡ ಅದನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿದರು, ರಾಗಿ ಹೊಲದಲ್ಲಿ ನಿಲ್ಲಿಸಿದರು, ಡೇರಿಯಲ್ಲಿ ಹಾಲು ಅಳೆಯುವ ಮೇಜಿನ ಮೇಲಿಟ್ಟರು. ಇದೇನೆಂದು ಜನ ಕೇಳಿದರೆ "ಮ್ಯಾಸ್ಕಾಟು" ಎಂದರು. ಡೇರಿಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಅದು ಮಸ್ಕತ್ ಆಗಿತ್ತು. "ಮಸ್ಕತ್ತಿಂದ ಬಂದೈತಂತೆ ಗುರು. ಅಲ್ಲಿ ಬಿಸ್ಲು ಜಾಸ್ತಿ, ಅದಕ್ಕೇ ಬಣ್ಣ ಕಂದಿರೋದು" ಎಂದು ಒಬ್ಬ ಇನ್ನೊಬ್ಬನಿಗೆ ವಿವರಿಸಿದ್ದನ್ನು ನಾನೇ ಬಸ್ಸಿನ ಕಿಟಕಿಯಿಂದ ಕೇಳಿದೆ.

ಮೂರು ದಿನ ಕಳೆಯುವಷ್ಟರಲ್ಲಿ ಪಂಚಾಯಿತಿ ಮೆಂಬರ್ರು ಮನೆಗೆ ಬಂದರು. ಇವರು ನಮ್ಮ ಮನೆ ಮುಂದಿನ ಚರಂಡಿಯನ್ನು ಎರಡು ಚುನಾವಣೆಯಿಂದ ಬಾಯಲ್ಲೇ ಕಟ್ಟುತ್ತಿರುವವರು. ಅದೇ ಚರಂಡಿಯನ್ನು ಪಂಚೆ ಎತ್ತಿ ದಾಟಿ ಬಂದು, ಕರಡಿಗೆ ಶಾಲು ಹೊದಿಸಿ, ಸೆಲ್ಯೂಟ್ ಹೊಡೆದು ಫೋಟೊ ತೆಗೆಸಿಕೊಂಡರು. ಎರಡೇ ದಿನದಲ್ಲಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. 'ವೀರ ಯೋಧ ಕರಡಿಗೆ ಹಾರ್ಧಿಕ ಸುಸ್ವಾಗತ' ಎಂದಿತ್ತು. ಹೃದಯದಲ್ಲಿ ಇಲ್ಲದ ಮಹಾಪ್ರಾಣವನ್ನು ಅಕ್ಷರದಲ್ಲಿ ತುಂಬಿದ್ದರು. ಎಡಕ್ಕೆ ಮೆಂಬರ್ರು, ಬಲಕ್ಕೆ ಅವರ ಭಾಮೈದ, ನಡುವೆ ಕರಡಿ, ಕೆಳಗೆ ಸಾಲಾಗಿ ಕನ್ನಡಕ ಹಾಕಿದ ಹಿಂಬಾಲಕರ ತಲೆಗಳು.

"ನನ್ ಮೈದುನನ ಫೋಟೊ ಎಲ್ರೀ?" ಎಂದು ಕೇಳಿದೆ.

"ಜಾಗ ಸಾಲ್ಲಿಲ್ಲ ಕಣಮ್ಮ" ಎಂದರು.

ಮೈದುನ ಹೆಸರಿಡುವ ಕಾರ್ಯಕ್ಕೆ ರಜದಲ್ಲಿ ಬಂದಾಗ, ಮಳೆಗೆ ತುಂಬಿದ ಇದೇ ಚರಂಡಿಗೆ ಕಲ್ಲು ಹಾಕಿ ದಾಟಿಸಲು ಒಂದು ನರಪಿಳ್ಳೆಯೂ ಬರಲಿಲ್ಲ. ನೈಲಾನ್ ಕೂದಲಿನ ಗೊಂಬೆಗೆ ಶಾಲು, ಹಾರ, ಬಾಳೆಹಣ್ಣು. ನನಗೆ ಮೈಯೆಲ್ಲ ಉರಿಯಿತು. ಆದರೂ ಫ್ಲೆಕ್ಸಿನ ಫೋಟೊ ತೆಗೆದು ಗುಂಪಿಗೆ ಹಾಕಿದೆ, ವಾರಗಿತ್ತಿ ಹೇಳಿದ್ದಕ್ಕೆ. ಅಧಿಕಾರಿಯ ಹೆಂಡತಿ ಹೆಬ್ಬೆಟ್ಟು ಒತ್ತಿದರು.

ನಿಜವಾದ ಗ್ರಹಚಾರ ಶುರುವಾದದ್ದು ಪಕ್ಕದ ಮನೆಯ ಅಜ್ಜಿಯಿಂದ. ನಾನು ಗೋದಾಮಿನಲ್ಲಿದ್ದಾಗ ನಡೆದದ್ದು ಇದು, ಅತ್ತೆ ಆಮೇಲೆ ಬಾಯಿಬಿಟ್ಟರು. ಹಿಂದೆ ನಮ್ಮ ಕಡೆ ಕರಡಿ ಆಡಿಸುವವರು ಊರೂರಿಗೆ ಬರುತ್ತಿದ್ದರು. ಬೆಚ್ಚಿಬೀಳುವ ಮಕ್ಕಳಿಗೆ ಕರಡಿಯ ಕೂದಲನ್ನು ತಾಯಿತದಲ್ಲಿಟ್ಟು ಕಟ್ಟಿದರೆ ಭಯ ಹೋಗುತ್ತದೆಂದು ಹೆಂಗಸರು ಮೊರದಲ್ಲಿ ರಾಗಿ ಕೊಟ್ಟು ಕೂದಲು ತೆಗೆದುಕೊಳ್ಳುತ್ತಿದ್ದರು. ಕರಡಿ ಆಡಿಸುವುದು ಕಾನೂನಿನಿಂದ ನಿಂತುಹೋಯಿತು. ಮಕ್ಕಳು ಬೆಚ್ಚುವುದು ನಿಲ್ಲಲಿಲ್ಲ. ಅಜ್ಜಿಯ ಮರಿಮಗ ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದ.

"ಒಂದೇ ಒಂದ್ ಕೂದ್ಲು ಕೊಡವ್ವ" ಎಂದು ಅಜ್ಜಿ ಕೇಳಿದಳಂತೆ.

"ಇದು ಗೊಂಬೆ ಕಣಜ್ಜಿ, ದಾರದ ಕೂದ್ಲು" ಎಂದರಂತೆ ಅತ್ತೆ.

"ಆದ್ರೇನವ್ವ? ಬರೀ ಕರಡಿ ಕೂದ್ಲಿಗೇ ಅಷ್ಟು ಶಕ್ತಿ ಇತ್ತು. ಇದು ಮಿಲ್ಟ್ರಿ ಕರಡಿ. ಬಾರ್ಡರ್ ಕಾದಿರೋದು."

ಅತ್ತೆ ಕರಡಿಯ ಟೋಪಿ ಸರಿಸಿ ನೆತ್ತಿಗೆ ಕೈ ಹಾಕಿದರು. ಒಂದು ಕೂದಲು ಹೋಯಿತು. ಆ ರಾತ್ರಿ ಮರಿಮಗ ಅಳದೆ ಮಲಗಿದ, ಜ್ವರದ ಔಷಧಿ ಕುಡಿದಿದ್ದ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಳಗಾಗುವುದರೊಳಗೆ ಸುದ್ದಿ ಹಬ್ಬಿತು. ಆಮೇಲೆ ನಾನು ಬಸ್ಸು ಹತ್ತುವುದನ್ನೇ ಕಾದು ಜನ ಬರತೊಡಗಿದರು. ಅತ್ತೆಗೆ ಇಲ್ಲ ಎನ್ನಲು ಬಾರದು. ಅಷ್ಟೇ ಅಲ್ಲ, ಊರೆಲ್ಲ ಬಂದು ಕೈಮುಗಿದು ಕೇಳುವುದು ಅವರಿಗೆ ಹಿತವಾಗಿಯೂ ಇತ್ತು. ಅವರು ಕಿತ್ತು ಕೊಡುವುದನ್ನು ಮೊಮ್ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಅವಳೂ ಕಲಿತಳು. ಬಂದವರ ಮುಂದೆ ಪುಟ್ಟ ಬೆರಳಿನಿಂದ ಒಂದು ಕೂದಲು ಚಿವುಟಿ, ಅವರ ಅಂಗೈಯಲ್ಲಿಟ್ಟು "ತಗೋ" ಎನ್ನುತ್ತಿದ್ದಳು. ಮಗುವಿನ ಕೈಯಿಂದ ಸಿಕ್ಕರೆ ಶಕ್ತಿ ಇನ್ನೂ ಹೆಚ್ಚು ಎಂದು ಯಾರೋ ಸೇರಿಸಿದರು.

ನನಗೇಕೆ ಗೊತ್ತಾಗಲಿಲ್ಲವೆಂದರೆ, ಸಂಜೆ ನಾನು ಬರುವ ಹೊತ್ತಿಗೆ ಕರಡಿಗೆ ಟೋಪಿ ಹಾಕಿ ಕೂರಿಸಿರುತ್ತಿದ್ದರು. ಊರವರ ಮಾಲನ್ನೆಲ್ಲ ಬಿಚ್ಚಿ ನೋಡುವ ನಾನು ಮನೆಯ ಮಾಲನ್ನು ನೋಡಲಿಲ್ಲ. ಒಂದು ಭಾನುವಾರ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಒಬ್ಬ ಪರಿಚಿತ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡೇ ಬಂದು, ನನ್ನನ್ನು ಕಂಡು ತಡವರಿಸಿ, "ಅಕ್ಕ, ನಂಗೇನ್ ನಂಬಿಕೆ ಇಲ್ಲ. ಮನೇಲಿ ಹೇಳಿದ್ರು. ಒಂದ್ ಎರಡು ಎಳೆ ಇದ್ರೆ..." ಎಂದ. ಎಂಥ ಎಳೆ ಎಂದು ಕೇಳಿದರೆ ಕರಡಿಯ ತಲೆಯತ್ತ ಬೆರಳು ತೋರಿಸಿದ. ನಾನು ಅದರ ಟೋಪಿ ತೆಗೆದೆ.

ತಲೆ ಬೋಳು. ಅಲ್ಲಲ್ಲಿ ನಾಲ್ಕು ಕುಚ್ಚು ಬಿಟ್ಟರೆ ನೆತ್ತಿಯಲ್ಲಿ ಕಾಣುತ್ತಿದ್ದುದು ಬಿಳಿಯ ಬಟ್ಟೆ.

ನಾನು ಕೂಗಾಡಿದ್ದು ಡೇರಿಯವರೆಗೂ ಕೇಳಿಸಿತಂತೆ. "ನಿಮಗೆಲ್ಲ ತಲೇಲಿ ಏನಿದೆ? ಯಂತ್ರದಲ್ಲಿ ಹೊಲಿದ ಗೊಂಬೆಗೆ ಭಯ ಓಡಿಸೋ ಶಕ್ತಿ ಇದ್ದಿದ್ರೆ ಸೈನ್ಯದವ್ರು ಯಾಕ್ರೀ ಬಂದೂಕು ಹಿಡೀತಿದ್ರು?" ವಿಮಾನ ನಿಲ್ದಾಣದವನು ಮೊದಲ ವಾಕ್ಯಕ್ಕೇ ಬೈಕು ಹತ್ತಿದ್ದ. ಅತ್ತೆ ಮೂಲೆ ಹಿಡಿದರು. ನನ್ನ ಗಂಡ, ಸಂಸಾರದ ಎಲ್ಲ ಬಿಕ್ಕಟ್ಟಿನಲ್ಲೂ ಮಾಡುವಂತೆ, ಹಸುವಿಗೆ ನೀರು ಕುಡಿಸಲು ಹೋದರು.

ವಾರಗಿತ್ತಿ ಮಾತ್ರ ಕರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಕೂತಳು. ಊರವರಿಗೆ ಅವಳು ಬೇಡವೆನ್ನಬಹುದಿತ್ತು. ಬೆಚ್ಚುವ ಮಕ್ಕಳ ತಾಯಂದಿರೆಂದು ಸುಮ್ಮನಿದ್ದಳಂತೆ. "ನನ್ ಮಗಳ ಮುಡಿ ಕೊಡ್ಬೇಕು ಅಂತ ನಾನು ಕಾದ್ರೆ, ಈ ಕರಡಿ ಮೊದ್ಲು ಕೊಟ್ಬಿಡ್ತಲ್ಲಕ್ಕ" ಎಂದಳು. ಅವಳು ಅತ್ತುಕೊಂಡೇ ಆಡಿದ ಮಾತದು. ನನಗೆ ಮಾತ್ರ ದಾರಿ ಕಂಡಿತು.

ಮರುದಿನ ಕೆಲಸಕ್ಕೆ ರಜ ಹಾಕಿ, ವಾರಗಿತ್ತಿ, ಮಗು, ಕರಡಿಯನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ಮೇಲೆ ಘಾಟಿಗೆ ಹೋದೆ. ಮುಡಿ ತೆಗೆಯುವಲ್ಲಿ ಕೂತಿದ್ದವರು ಮಗುವನ್ನು ನೋಡಿ "ಬನ್ನಿ, ಕೂರಿಸ್ಕೊಳ್ಳಿ" ಎಂದರು. ನಾನು ಕರಡಿಯನ್ನು ಮುಂದಿಟ್ಟೆ. ಅವರು ಕರಡಿಯನ್ನೂ ನನ್ನನ್ನೂ ನೋಡಿದರು.

"ಇದಕ್ಕಾ?"

"ಇದಕ್ಕೇ. ಮಿಲಿಟ್ರಿಯವ್ರು. ಹರಕೆ ಐತೆ."

ಮಿಲಿಟರಿ ಎಂದಮೇಲೆ ಅವರು ಇನ್ನೇನೂ ಕೇಳಲಿಲ್ಲ. ನೀರು ಚಿಮುಕಿಸಿ, ಉಳಿದ ಕುಚ್ಚುಗಳನ್ನು ಕತ್ತಿಯಿಂದ ತೆಗೆದು, ನೆತ್ತಿಗೆಲ್ಲ ಗಂಧ ಬಳಿದು ಕೊಟ್ಟರು. ದೇವಸ್ಥಾನದ ಮುಂದಿನ ಮೆಟ್ಟಿಲ ಮೇಲೆ ಗಂಧದ ಬೋಳುತಲೆಯ ಕರಡಿಯನ್ನು, ಅದರ ಪಕ್ಕ ಕಣ್ಣು ಮುಚ್ಚುವಷ್ಟು ಕೂದಲಿನ ಮಗುವನ್ನು ಕೂರಿಸಿ ಫೋಟೊ ತೆಗೆದೆ. ಗೋದಾಮಿನ ಲಾರಿ ಡ್ರೈವರುಗಳಿಂದ ಕಲಿತ ಹಿಂದಿಯಲ್ಲಿ ಕೆಳಗೆ ಬರೆದೆ: 'ನಾಯಕ್ ಭಾಲು ಅವರು ಹರಕೆ ತೀರಿಸಿ ಮುಡಿ ಕೊಟ್ಟರು. ಪಕ್ಕದಲ್ಲಿರುವ ಮಗುವಿನ ಮುಡಿ ಇನ್ನೂ ಇದೆ. ಅವಳ ಅಪ್ಪನಿಗೆ ರಜ ಸಿಗಬೇಕು.'

ಗುಂಪು ಸಂಜೆಯವರೆಗೂ ಸ್ತಬ್ಧ. ವಾರಗಿತ್ತಿ ಫೋನು ಹಿಡಿದುಕೊಂಡೇ ಅಡುಗೆ ಮಾಡಿದಳು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ಕೊನೆಗೆ ಅಧಿಕಾರಿಯ ಹೆಂಡತಿಯಿಂದ ಒಂದು ನಗುವ ಮುಖ, ಒಂದು ಅಳುವ ಮುಖ ಒಟ್ಟಿಗೆ ಬಂದವು. ಕರಡಿಗೆ ಟೋಪಿ ಹಾಕಿ ಅದೇ ಪೆಟ್ಟಿಗೆಯಲ್ಲಿ ವಾಪಸ್ ಕಳಿಸಿದೆ. ಬಹುಮಾನ ನಮಗೆ ಬರಲಿಲ್ಲ. ಅದು, ಕರಡಿಯನ್ನು ಈಜುಕೊಳದ ಪಕ್ಕ ಕೂಲಿಂಗ್ ಗ್ಲಾಸ್ ಹಾಕಿ ಮಲಗಿಸಿದ್ದ ಯಾರದೋ ಮನೆಗೆ ಹೋಯಿತು. ಆದರೆ ಆ ಫೋಟೊವನ್ನು ದೊಡ್ಡ ಅಧಿಕಾರಿಯೇ ನೋಡಿ, ನನ್ನ ಮೈದುನನನ್ನು ಕರೆಸಿ, "ಕರಡಿಯ ತಲೆ ಬೋಳಿಸಿದ ಮನೆ ನಿನ್ನದೇನಾ? ಹೋಗು, ಮಗುವಿನದನ್ನೂ ಮುಗಿಸಿ ಬಾ" ಎಂದರಂತೆ.

ಅವನು ಬಂದ. ಬಾಗಿಲಲ್ಲಿ ನಿಂತು ಮಗಳೆಡೆಗೆ ಕೈ ಚಾಚಿದ. ಮಗು ಅವನನ್ನು ನೋಡಿ ಚಿಟ್ಟನೆ ಚೀರಿ ನನ್ನ ಸೀರೆಯೊಳಗೆ ಮುಖ ಹುದುಗಿಸಿತು. ಫೋನಿನೊಳಗಿನ ಅಂಗೈಯಗಲದ ಅಪ್ಪ ಅವಳಿಗೆ ಗೊತ್ತಿದ್ದ. ಇಷ್ಟು ದೊಡ್ಡವನು ಗೊತ್ತಿರಲಿಲ್ಲ. ಅವನು ಹತ್ತಿರ ಬಂದಾಗಲೆಲ್ಲ ಬೆಚ್ಚಿದಳು, ಅವನು ಕೆಮ್ಮಿದರೆ ಬೆಚ್ಚಿದಳು. ಎರಡು ದಿನ ಅವನು ತನ್ನ ಮನೆಯಲ್ಲೇ ಕಳ್ಳನ ಹಾಗೆ ಮೆಲ್ಲಗೆ ಓಡಾಡಿದ. ಕರಡಿಗೆ ಶಾಲು ಹೊದಿಸಿದ್ದ ಮೆಂಬರ್ರು ಇವನು ಬಂದದ್ದು ಗೊತ್ತಿದ್ದೂ ಈ ಕಡೆ ಸುಳಿಯಲಿಲ್ಲ.

ಘಾಟಿಯಲ್ಲಿ ಮುಡಿಗೆ ಕೂರುವ ಹೊತ್ತಿಗೆ ಅತ್ತೆಯ ಸಲಹೆಯಂತೆ ಅವನು ಯೂನಿಫಾರ್ಮಿನ ಅಂಗಿ, ಟೋಪಿ ಹಾಕಿಕೊಂಡು ಬಂದ. ಮಗು ಸೋದರಮಾವನ ತೊಡೆಯ ಮೇಲೆ ಅಳುತ್ತಿತ್ತು. ಚುಕ್ಕೆಚುಕ್ಕೆಯ ಅಂಗಿಯನ್ನು ನೋಡಿತು, ಓರೆ ಟೋಪಿಯನ್ನು ನೋಡಿತು. ಅಳು ನಿಂತಿತು. ಅವನು ಮೆಲ್ಲಗೆ ಬಗ್ಗಿದ. ಮಗು ಕೈ ಚಾಚಿ ಟೋಪಿ ಎಳೆಯಿತು. ಮಿಲಿಟರಿ ಕಟಿಂಗಿನ ತಲೆಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಒಂದು ಗಳಿಗೆ ಯೋಚಿಸಿ, ಮೀಸೆಗೆ ಕೈ ಹಾಕಿ, ಒಂದೇ ಒಂದು ಕೂದಲನ್ನು ಚಿವುಟಿ ಕಿತ್ತಿತು.

"ಅಯ್ಯಮ್ಮಾ!" ಎಂದ ಭಾರತದ ಸೈನಿಕ. ಕಣ್ಣಲ್ಲಿ ನೀರು ಬಂದಿತ್ತು. ಮೀಸೆ ಕಿತ್ತದ್ದಕ್ಕೆ ಬಂದದ್ದೆಂದು ನಾವೆಲ್ಲ ನಂಬಿದಂತೆ ನಟಿಸಿದೆವು.

ಮಗು ಆ ಕೂದಲನ್ನು ಅಮ್ಮನ ಅಂಗೈಯಲ್ಲಿಟ್ಟು "ತಗೋ" ಎಂದಿತು. ವಾರಗಿತ್ತಿ ಬೆರಳು ಮಡಿಸಿಕೊಂಡಳು. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ಸೆರಗಿನ ತುದಿಗೆ ಅದನ್ನು ಗಂಟು ಹಾಕಿದಳು. ನಾನು ನೋಡುತ್ತಿದ್ದೆ.

ರಜ ಮುಗಿದು ಅವನು ಹೊರಟುಹೋದ ಮೇಲೆ ಮಗು ಮತ್ತೆ ಬೆಚ್ಚತೊಡಗಿತು. ಬಾಗಿಲು ಬಡಿದರೆ ಎದ್ದು ಹೊಸ್ತಿಲಿಗೆ ಓಡುತ್ತಿತ್ತು. ಸುತ್ತಮುತ್ತಲ ಮಕ್ಕಳ ಕೊರಳಲ್ಲೆಲ್ಲ ಈಗಲೂ ಆ ಗೊಂಬೆಯ ನೈಲಾನ್ ದಾರವಿದೆ. ಅದನ್ನು ಕಂಡಾಗಲೆಲ್ಲ ನಾನು ಇಂದಿಗೂ ಅವರ ತಾಯಂದಿರನ್ನು ಬೈಯುತ್ತೇನೆ. ನಮ್ಮ ಮಗುವಿನ ಕೊರಳಲ್ಲೂ ಒಂದು ಬೆಳ್ಳಿಯ ತಾಯಿತವಿದೆ, ಅದರೊಳಗಿರುವುದು ಮಾತ್ರ ನೈಲಾನಲ್ಲ. ಒಂದು ಸಂಜೆ ಕೆಲಸದಿಂದ ಬರುತ್ತ ನೆಲಮಂಗಲದಲ್ಲಿ ಇಳಿದು, ಅದನ್ನು ಕೊಂಡು ತಂದು ವಾರಗಿತ್ತಿಯ ಕೈಗೆ ಕೊಟ್ಟವಳು ನಾನೇ.